ಮಾದರಿ ಯುದ್ಧವಿಮಾನಗಳ ಬಣ್ಣವಿನ್ಯಾಸ

ಪ್ಲಾಸ್ಟಿಕ್, ಮರ ಇಲ್ಲವೇ ರೆಸಿನ್‌ನಿಂದ ಮಾಡಿದ ಪುಟ್ಟ ಯುದ್ಧವಿಮಾನಕ್ಕೆ, ಅದರ ಮೂಲ ವಿಮಾನ ಯಾವುದೋ ಒಂದು ಕಾಲದಲ್ಲಿ ತೊಟ್ಟಿದ್ದ ಬಣ್ಣ, ಲಾಂಛನ ಮತ್ತು ಸಂಖ್ಯೆಗಳನ್ನು ಆರಿಸಿ ಹಚ್ಚುವ ಕಲೆ. ಯುದ್ಧವಿಮಾನವೊಂದು ಸೇವೆಯಲ್ಲಿರುವಷ್ಟು ಕಾಲ ಒಂದೇ ಬಣ್ಣದಲ್ಲಿ ಉಳಿಯುವುದು ಅಪರೂಪ. ಮಾರುತ್ ಎಂಬ ಭಾರತೀಯ ಯುದ್ಧವಿಮಾನವನ್ನೇ ತೆಗೆದುಕೊಳ್ಳಿ. ‘ಮಾರುತ್‌ನ ಬಣ್ಣ ಯಾವುದು?’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ವರ್ಷದ, ಯಾವ ಸ್ಕ್ವಾಡ್ರನ್ನಿನ, ಯಾವ ಸಂಖ್ಯೆಯ ಮಾರುತ್ ಎಂದು ಕೇಳಬೇಕು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾದ ವಿಮಾನಗಳ ಕಥೆ ಇದಕ್ಕೆ ತಕ್ಕ ಉದಾಹರಣೆ.

ಈ ಹವ್ಯಾಸ ಮತ್ತು ಭಾರತೀಯ ವಾಯುಪಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೆಳೆದವು. ಇಂಗ್ಲೆಂಡಿನ ಸ್ಕೈಬರ್ಡ್ಸ್ ಎಂಬ ಮರದ ಮಾದರಿಗಳು 1930ರ ದಶಕದ ಆರಂಭದಲ್ಲಿ 1:72 ಅಳತೆಯನ್ನು ರೂಢಿಗೆ ತಂದವು. 1936ರಲ್ಲಿ ಬಂದ ಫ್ರಾಗ್ ಪೆಂಗ್ವಿನ್ ಕಿಟ್‌ಗಳು ಅದೇ ಅಳತೆಯನ್ನು ಪ್ಲಾಸ್ಟಿಕ್ಕಿಗೆ ಒಯ್ದವು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾಮಕ್ಕಳಿಂದ ಲಕ್ಷಗಟ್ಟಲೆ ಮರದ ಮಾದರಿಗಳನ್ನು ಮಾಡಿಸಿಕೊಂಡಿತು. ಅವೆಲ್ಲಕ್ಕೂ ಕಪ್ಪು ಬಣ್ಣ ಬಳಿಯಲಾಗುತ್ತಿತ್ತು. ಆಕಾಶದಲ್ಲಿ ಕಾಣುವ ಆಕಾರ ನೋಡಿಯೇ ಶತ್ರು ಯಾರು, ಮಿತ್ರ ಯಾರು ಎಂದು ಸೈನಿಕರು ಗುರುತಿಸಲಿ ಎಂಬುದು ಇದರ ಉದ್ದೇಶ. ಬಣ್ಣದ ಸೂಕ್ಷ್ಮಕ್ಕೆ ಬೆಲೆ ಬಂದದ್ದು ಯುದ್ಧ ಮುಗಿದು, 1950ರ ದಶಕದಲ್ಲಿ ಏರ್‌ಫಿಕ್ಸ್‌ನಂಥ ಕಂಪನಿಗಳ ಅಗ್ಗದ ಕಿಟ್‌ಗಳು ಅಂಗಡಿಗೆ ಬಂದ ಮೇಲೆ.

ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು 8 ಅಕ್ಟೋಬರ್ 1932ರಂದು. ಅದರ ಮೊದಲ ವಿಮಾನಗಳಾದ ವೆಸ್ಟ್‌ಲ್ಯಾಂಡ್ ವಾಪಿಟಿಗಳು ಬೆಳ್ಳಿಬಣ್ಣದವು. ಇದು ಶೋಭೆಗಾಗಿ ಹಚ್ಚಿದ್ದಲ್ಲ. ರೆಕ್ಕೆಗೆ ಹೊದಿಸಿದ ಲಿನನ್ ಬಟ್ಟೆಯನ್ನು ಬಿಗಿಗೊಳಿಸಲು ಡೋಪ್ ಎಂಬ ದ್ರವ ಬಳಿಯುತ್ತಿದ್ದರು. ಬಿಸಿಲಿಗೆ ಬಟ್ಟೆ ಕೊಳೆಯದಿರಲೆಂದು ಅದರಲ್ಲಿ ಅಲ್ಯೂಮಿನಿಯಂ ಪುಡಿ ಬೆರೆಸಿರುತ್ತಿತ್ತು. ಹೀಗಾಗಿ ವಾಪಿಟಿಯ ಮಾದರಿಗೆ ಕನ್ನಡಿಯಂತೆ ಹೊಳೆಯುವ ಲೋಹದ ಬಣ್ಣ ಹಚ್ಚಿದರೆ ತಪ್ಪು. ಮಂದವಾದ ಬೆಳ್ಳಿಯೇ ಸರಿ.

ಎರಡನೆಯ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಬರ್ಮಾ ರಂಗದಲ್ಲಿ ಹೋರಾಡಿದ ವಿಮಾನಗಳ ಮೇಲ್ಮೈಗೆ ಕಡುಹಸಿರು ಮತ್ತು ಮಣ್ಣುಕಂದು ಬಂದವು. ಅದಕ್ಕಿಂತ ದೊಡ್ಡ ಬದಲಾವಣೆ ಆದದ್ದು ವೃತ್ತಲಾಂಛನದಲ್ಲಿ, ಅಂದರೆ ರೌಂಡೆಲ್‌ನಲ್ಲಿ. ಬ್ರಿಟಿಷ್ ಲಾಂಛನದ ನಡುವಿನ ಕೆಂಪು ಬೊಟ್ಟು ಜಪಾನಿನ ಕೆಂಪು ಸೂರ್ಯನಂತೆ ಕಂಡು, ತಮ್ಮವರ ಗುಂಡಿಗೆ ತಮ್ಮ ವಿಮಾನವೇ ಬೀಳುವ ಅಪಾಯವಿತ್ತು. ಆದ್ದರಿಂದ ಕೆಂಪನ್ನು ತೆಗೆದು, ಕಡುನೀಲಿಯೊಳಗೆ ತಿಳಿನೀಲಿ ಇಟ್ಟರು. 1944ರಲ್ಲಿ ಇಂಫಾಲದ ಮೇಲೆ ಹಾರಿದ, ಅರ್ಜನ್ ಸಿಂಗ್ ನಾಯಕತ್ವದ 1ನೇ ಸ್ಕ್ವಾಡ್ರನ್ನಿನ ಹರಿಕೇನ್‌ಗಳಿಗೆ ಇದೇ ಜೋಡಿನೀಲಿ ಲಾಂಛನ. ಕಿಟ್‌ನೊಡನೆ ಬರುವ ಯುರೋಪಿನ ಕೆಂಪು–ಬಿಳಿ–ನೀಲಿ ಡೀಕಲ್‌ಗಳನ್ನು, ಅಂದರೆ ಅಂಟುಚಿತ್ರಗಳನ್ನು, ಅಂಟಿಸಿದರೆ ಆ ವಿಮಾನ ಇಂಫಾಲದ್ದಾಗಿ ಉಳಿಯುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸ್ವಲ್ಪ ಕಾಲ ಹಳೆಯ ಬ್ರಿಟಿಷ್ ಲಾಂಛನವೇ ಮುಂದುವರಿದು, 1948ರ ಸುಮಾರಿಗೆ ಬಿಳಿಯ ಮೇಲೆ ನೀಲಿ ಅಶೋಕಚಕ್ರ ಬಂದಿತು. ಗಣರಾಜ್ಯವಾದ 1950ರಿಂದ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ಈಗಿನ ಲಾಂಛನ ನೆಲೆಗೊಂಡಿತು. ಚಕ್ರ ಬಳಕೆಯಲ್ಲಿದ್ದ ಅವಧಿ ಬಹಳ ಚಿಕ್ಕದು. ಮಾದರಿಕಾರರ ಕಣ್ಣಿಗೆ ಆ ಎರಡು ವರ್ಷಗಳು ಬಲು ಅಮೂಲ್ಯ, ಏಕೆಂದರೆ ಬಾಲದ ಸಂಖ್ಯೆಯನ್ನು ನೋಡದೆಯೂ ವಿಮಾನದ ಕಾಲವನ್ನು ಹೇಳಬಲ್ಲ ಗುರುತು ಅದು.

ಇಷ್ಟರಲ್ಲಿ ಬೆಂಗಳೂರು ವಿಮಾನದ ಊರಾಗಿತ್ತು. ವಾಲಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು (ಇಂದಿನ ಎಚ್‌ಎಎಲ್) ಹುಟ್ಟುಹಾಕಿದರು. ಯುದ್ಧಕಾಲದಲ್ಲಿ ರಿಪೇರಿಗೆ ಬಂದ ಕ್ಯಾಟಲೀನಾ ಹಾರುದೋಣಿಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. 1950ರ ದಶಕದ ಕೊನೆಗೆ ಇಲ್ಲಿ ನ್ಯಾಟ್ ಯುದ್ಧವಿಮಾನಗಳ ತಯಾರಿಕೆ ಆರಂಭವಾಯಿತು. 17 ಜೂನ್ 1961ರಂದು ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಂಡದ ಎಚ್‌ಎಫ್-24 ಮಾರುತ್, ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಕೈಯಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಹಳೆ ವಿಮಾನ ನಿಲ್ದಾಣದ ದಿಕ್ಕಿನಲ್ಲಿರುವ ಸುರಂಜನ್ ದಾಸ್ ರಸ್ತೆ 1970ರ ಜನವರಿಯಲ್ಲಿ ಮಾರುತ್ ಅಪಘಾತದಲ್ಲಿ ತೀರಿಕೊಂಡ ಆ ಧೀರನ ಹೆಸರನ್ನು ಹೊತ್ತಿದೆ.

1960ರ ದಶಕದ ಮೊದಲ ಭಾಗದಲ್ಲಿ ವಾಯುಪಡೆಯ ಅನೇಕ ವಿಮಾನಗಳು ಬಣ್ಣವಿಲ್ಲದೆ, ಬರಿಯ ಲೋಹದ ಹೊಳಪಿನಲ್ಲಿ ಹಾರುತ್ತಿದ್ದವು. 1965ರ ಯುದ್ಧದ ನ್ಯಾಟ್ ಹಾಗೂ ಮಿಗ್-21ಗಳು ಹಾಗೆಯೇ ಇದ್ದವು. ಬ್ರಿಟನ್ನಿನಿಂದ ಬಂದ ಹಂಟರ್‌ಗಳು ಮಾತ್ರ ಅಲ್ಲಿಯ ಪದ್ಧತಿಯಂತೆ ಮೇಲೆ ಕಡುಹಸಿರು ಹಾಗೂ ಕಡಲಬೂದು ತೊಟ್ಟಿದ್ದವು. 6 ಸೆಪ್ಟೆಂಬರ್ 1965ರ ಸಂಜೆ ಪಾಕಿಸ್ತಾನದ ಸೇಬರ್‌ಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ, ನಿಂತಿದ್ದ ವಿಮಾನಗಳನ್ನು ಸುಟ್ಟವು. ಅವುಗಳಲ್ಲಿ ಹೊಸ ಮಿಗ್-21ಗಳೂ ಇದ್ದವು. ತೆರೆದ ನೆಲದ ಮೇಲೆ ಬಿಸಿಲಿಗೆ ಮಿಂಚುವ ಲೋಹ ಎಷ್ಟು ದೂರದಿಂದ ಕಾಣುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

1971ರ ಯುದ್ಧದ ಹೊತ್ತಿಗೆ ಮರೆಮಾಚುವ ಬಣ್ಣ ಎಲ್ಲೆಡೆ ಬಂದಿತು, ಆದರೆ ಒಂದೇ ನಕ್ಷೆಯಂತೆ ಬರಲಿಲ್ಲ. ಮಿಗ್-21 ಎಫ್‌ಎಲ್‌ಗಳಿಗೆ ಆಯಾ ನೆಲೆಗಳಲ್ಲಿ, ಸಿಕ್ಕ ಬಣ್ಣದಲ್ಲಿ, ಸಿಕ್ಕ ಸಮಯದಲ್ಲಿ ಬಳಿಯಲಾಯಿತು. ಹಸಿರು ಒಂದೊಂದು ಕಡೆ ಒಂದೊಂದು ಬಗೆ. ಪಟ್ಟೆಯ ಅಂಚು ಕೆಲವೆಡೆ ಮೆದು, ಕೆಲವೆಡೆ ಗಡುಸು. ಭಾರತೀಯ ವಿಮಾನಗಳ ಮಾದರಿ ಮಾಡುವವರು ಅತಿ ಹೆಚ್ಚು ವಾದ ಮಾಡುವುದು ಈ ಹದಿಮೂರು ದಿನಗಳ ಯುದ್ಧದ ವಿಮಾನಗಳ ಬಗ್ಗೆಯೇ, ಮತ್ತು ಆ ವಾದಕ್ಕೆ ಅರ್ಥವಿದೆ. ಇಲ್ಲಿ ಕೈಪಿಡಿಯ ಬಣ್ಣಸಂಖ್ಯೆಗಿಂತ ಒಂದು ನಿರ್ದಿಷ್ಟ ವಿಮಾನದ, ದಿನಾಂಕ ತಿಳಿದಿರುವ ಫೋಟೊ ಹೆಚ್ಚು ನಂಬಿಕೆಗೆ ಅರ್ಹ.

ಮಾರುತ್‌ಗಳು ಆ ಯುದ್ಧದಲ್ಲಿ ರಾಜಸ್ಥಾನದ ಉತ್ತರ್‌ಲಾಯಿ ಮತ್ತು ಜೋಧಪುರಗಳಿಂದ ಹಾರಿದವು. ಅವು 10 ಮತ್ತು 220ನೇ ಸ್ಕ್ವಾಡ್ರನ್‌ಗಳವು. ನೆಲಕ್ಕೆ ಹತ್ತಿರವಾಗಿ ನುಗ್ಗಿ ದಾಳಿ ಮಾಡುವ ವಿಮಾನ ಅದಾದ್ದರಿಂದ ಮೇಲಿನಿಂದ ನೋಡುವ ಶತ್ರುವಿಗೆ ಕಾಣದಿರುವುದೇ ಮುಖ್ಯ. ಮಾರುತ್‌ಗೆ ಬಂದ ಹಸಿರು–ಬೂದು ಜೋಡಿ ಮಾತ್ರ ಮೋಡ ಕವಿದ ಬ್ರಿಟನ್ನಿನ ನೆಲಕ್ಕೆಂದು ರೂಪುಗೊಂಡದ್ದು, ಥಾರ್ ಮರುಭೂಮಿಯ ಮರಳಿಗೆ ಅಲ್ಲ. ಒಟ್ಟು 147 ಮಾರುತ್‌ಗಳು ತಯಾರಾಗಿ, 1990ರಲ್ಲಿ ಕೊನೆಯವು ನಿವೃತ್ತಿಯಾದವು. ಇಂದು ಅವನ್ನು ಬೆಂಗಳೂರಿನ ಎಚ್‌ಎಎಲ್ ಪರಂಪರೆ ಕೇಂದ್ರದಲ್ಲಿ, ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ, ಜರ್ಮನಿಯ ಡಾಯ್ಚಸ್ ಮ್ಯೂಸಿಯಮ್ಮಿನ ಶ್ಲೈಸ್‌ಹೈಮ್ ಶಾಖೆಯಲ್ಲಿ ನೋಡಬಹುದು. ಹೊರಾಂಗಣದಲ್ಲಿ ಮಳೆಬಿಸಿಲಿಗೆ ನಿಲ್ಲಿಸುವ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ. ರೆಕ್ಕೆಯ ಕೋನ, ಚಕ್ರದ ಗೂಡು, ರಿವೆಟ್ಟಿನ ಸಾಲು ನೋಡಲು ಅವುಗಳಿಗಿಂತ ಒಳ್ಳೆಯ ಆಕರವಿಲ್ಲ. ಬಣ್ಣಕ್ಕೆ ಮಾತ್ರ ಅವನ್ನು ಸಾಕ್ಷಿಯಾಗಿ ಹಿಡಿಯಬಾರದು.

ಮುಂದಿನ ದಶಕಗಳಲ್ಲಿ ಬಣ್ಣ ತಣಿಯುತ್ತ ಬಂತು. ಬೆಂಗಳೂರಿನಲ್ಲೇ ತಯಾರಾದ ಜಾಗ್ವಾರ್‌ಗಳು ಹಸಿರು–ಬೂದಿನ ಪರಂಪರೆಯನ್ನು ಉಳಿಸಿಕೊಂಡರೆ, ಎತ್ತರದಲ್ಲಿ ಕಾದಾಡುವ ಹೊಸ ವಿಮಾನಗಳಿಗೆ ಆಕಾಶದಲ್ಲಿ ಕರಗುವ ಬೂದು ಬಂದಿತು. 4 ಜನವರಿ 2001ರಂದು ಮೊದಲು ಹಾರಿದ ತೇಜಸ್‌ನ ಸರಣಿಯ ಮೊದಲ ವಿಮಾನ ಎಲ್‌ಎ-5001, 2015ರ ಜನವರಿಯಲ್ಲಿ ವಾಯುಪಡೆಯ ಕೈಸೇರಿತು, ಅದರದೂ ಬೂದು. ಇದಕ್ಕೆ ತೀರ ವಿರುದ್ಧವಾದದ್ದು ಬೀದರಿನ ಸೂರ್ಯಕಿರಣ ತಂಡ. ಅಲ್ಲಿ ಕಾಣುವುದೇ ಗುರಿ. 1996ರಲ್ಲಿ ಕಟ್ಟಿದ ಈ ತಂಡದ ಕಿರಣ್ ವಿಮಾನಗಳು ಕಿತ್ತಳೆ–ಬಿಳಿಯಲ್ಲಿ ಹೆಸರಾದವು. ತಂಡ 2011ರಲ್ಲಿ ನಿಂತು, ಹಾಕ್ ವಿಮಾನಗಳೊಡನೆ ಮರುಹುಟ್ಟು ಪಡೆದಾಗ ಬಣ್ಣ ಕೆಂಪು–ಬಿಳಿಯಾಯಿತು. ಕಿರಣ್‌ನ ಮಾದರಿ ಮಾಡುವಾಗ ಬಿಳಿಯನ್ನು ಮೊದಲು ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಟೇಪಿನಿಂದ ಮುಚ್ಚಿ ಕಿತ್ತಳೆ ಬಳಿಯುವುದು ಜಾಣತನ. ಬಿಳಿ ಕೆಳಗಿದ್ದರೇ ಕಿತ್ತಳೆಗೆ ಉರಿಯುವ ಕಳೆ ಬರುತ್ತದೆ.

ಬಣ್ಣವನ್ನು ಹೆಸರಿನಿಂದ ಕೊಳ್ಳುವುದಕ್ಕಿಂತ ಮಾನಕ ಸಂಖ್ಯೆಯಿಂದ ಕೊಳ್ಳುವುದು ಕ್ಷೇಮ. ಬ್ರಿಟಿಷ್ ಮಾನಕ 381ಸಿ ಪ್ರಕಾರ ಕಡುಹಸಿರು 641, ಕಡುಕಡಲಬೂದು 638. ಅಮೆರಿಕದ ಫೆಡರಲ್ ಮಾನಕ 595ರ ಐದಂಕಿಯಲ್ಲಿ ಮೊದಲನೆಯದು ಹೊಳಪನ್ನು ಹೇಳುತ್ತದೆ: 1 ಎಂದರೆ ಮಿಂಚು, 2 ಅರೆಮಿಂಚು, 3 ಮಂದ. ಹಾಗಿದ್ದರೂ ಸರಿಯಾದ ಬಣ್ಣವೇ ಮಾದರಿಯ ಮೇಲೆ ಗಾಢವಾಗಿ ಕಾಣುತ್ತದೆ. 1:72ರ ಮಾದರಿಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ಸುಮಾರು 22 ಮೀಟರ್ ದೂರದಿಂದ ನೋಡಿದಂತೆ. ನಡುವಿನ ಗಾಳಿ, ಧೂಳು, ಬೆಳಕು ಬಣ್ಣವನ್ನು ಮಸುಕುಗೊಳಿಸಿರುತ್ತವೆ. ಅನುಭವಿಗಳು ಕೊಂಚ ಬಿಳಿ ಬೆರೆಸುವುದು ಇದಕ್ಕೇ. ಹಳೆಯ ಕಪ್ಪುಬಿಳುಪು ಫೋಟೊಗಳಲ್ಲೂ ಎಚ್ಚರ ಬೇಕು. ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಮೂಡುತ್ತವೆ.

ಬಣ್ಣ ಆರಿಸುವ ಮೊದಲೇ ಕಿಟ್ ಸರಿಯಾಗಿದೆಯೇ ಎಂದು ನೋಡಬೇಕು. ಏರ್‌ಫಿಕ್ಸ್‌ನ 1:72 ನ್ಯಾಟ್ ಎರಡು ಆಸನಗಳ ಬ್ರಿಟಿಷ್ ತರಬೇತಿ ವಿಮಾನ. ಎಚ್‌ಎಎಲ್ ಕಟ್ಟಿದ್ದು, ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ 14 ಡಿಸೆಂಬರ್ 1971ರಂದು ಶ್ರೀನಗರದ ಮೇಲೆ ಹಾರಿಸಿ ಪರಮವೀರ ಚಕ್ರಕ್ಕೆ ಪಾತ್ರರಾದದ್ದು ಒಂಟಿ ಆಸನದ ನ್ಯಾಟ್. ಅದರ ಮೂತಿ, ರೆಕ್ಕೆ ಬೇರೆಯವು. ತರಬೇತಿ ನ್ಯಾಟ್‌ನ ಮೇಲೆ ತ್ರಿವರ್ಣ ರೌಂಡೆಲ್ ಅಂಟಿಸಿ ಅದನ್ನು ಶ್ರೀನಗರದ ನ್ಯಾಟ್ ಎನ್ನುವುದು ಸಲ್ಲದು. ಬಾಲದ ಸಂಖ್ಯೆಯ ಮೊದಲಕ್ಷರಗಳೂ ಹೊಂದಬೇಕು: ನ್ಯಾಟ್‌ಗೆ ಐಇ, ಹಂಟರ್‌ಗೆ ಬಿಎ, ಮಾರುತ್‌ಗೆ ಬಿಡಿ, ಮಿಗ್-21 ಎಫ್‌ಎಲ್‌ಗೆ ಸಿ. ಸಂಖ್ಯೆ ಮೊದಲು ಗೊತ್ತುಮಾಡಿಕೊಂಡು, ಆ ಸಂಖ್ಯೆಯ ವಿಮಾನದ ಫೋಟೊ ಹುಡುಕಿ, ಆಮೇಲೆ ಡಬ್ಬಿಯ ಮುಚ್ಚಳ ತೆಗೆಯುವುದು ಸರಿಯಾದ ಕ್ರಮ.