ನ್ಯಾನಿ ತೆರಿಗೆ (ಅಮೆರಿಕ)

ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ನ್ಯಾನಿಯನ್ನು ನೇಮಿಸಿಕೊಂಡ ಅಮೆರಿಕದ ಕುಟುಂಬಗಳು ಉದ್ಯೋಗದಾತರಾಗಿ ಹೊರಬೇಕಾದ ತೆರಿಗೆಗಳಿಗೆ ರೂಢಿಯಲ್ಲಿರುವ ಹೆಸರು. ಸೋಶಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ಯೋಜನೆ ಮತ್ತು ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗಾಗಿ ಸಂಬಳದ ಶೇ. 7.65ರಷ್ಟನ್ನು ಕುಟುಂಬ ಕೊಡಬೇಕು, ಅಷ್ಟೇ ಪಾಲು ನ್ಯಾನಿಯದು. ನಿರುದ್ಯೋಗ ವಿಮೆಯ ತೆರಿಗೆ ಬೇರೆ. ಈ ತೆರಿಗೆಯ ಇತಿಹಾಸವೆಂದರೆ, ಮನೆಯೊಳಗಿನ ದುಡಿಮೆಯೂ ದುಡಿಮೆಯೇ ಎಂದು ಒಪ್ಪಿಕೊಳ್ಳಲು ಕಾನೂನು ಹಿಂಜರಿದ ಇತಿಹಾಸ.

1935ರ ಸೋಶಿಯಲ್ ಸೆಕ್ಯುರಿಟಿ ಕಾಯ್ದೆ ಮನೆಗೆಲಸದವರನ್ನೂ ಕೃಷಿ ಕಾರ್ಮಿಕರನ್ನೂ ಹೊರಗಿಟ್ಟಿತು. ಲೆಕ್ಕಪತ್ರವಿಲ್ಲದ ಲಕ್ಷಾಂತರ ಮನೆಗಳಿಂದ ತೆರಿಗೆ ವಸೂಲಿ ಕಷ್ಟ ಎಂಬುದು ಮುಂದಿಟ್ಟ ಕಾರಣ. ಅದರಲ್ಲಿ ಹುರುಳಿತ್ತು, ಆದರೆ ಹೊರಗುಳಿದವರಲ್ಲಿ ಕಪ್ಪು ಮಹಿಳೆಯರು ಬಹಳ ಮಂದಿ ಇದ್ದುದರಿಂದ ದಕ್ಷಿಣದ ರಾಜ್ಯಗಳ ರಾಜಕೀಯವೂ ಇದರ ಹಿಂದಿತ್ತೆಂದು ಹಲವು ಇತಿಹಾಸಕಾರರು ವಾದಿಸುತ್ತಾರೆ. 1950ರ ತಿದ್ದುಪಡಿ ಕಾಯಂ ಮನೆಗೆಲಸದವರನ್ನು ಒಳಗೆ ತಂದಿತು. ತ್ರೈಮಾಸಿಕಕ್ಕೆ 50 ಡಾಲರ್ ಮುಟ್ಟಿದರೆ ತೆರಿಗೆ ಎಂಬ ಸಂಬಳದ ಮಿತಿ ಮಾತ್ರ ದಶಕಗಳ ಕಾಲ ಅಲುಗಲಿಲ್ಲ. ಬೆಲೆಗಳು ಏರಿದಂತೆ, ಸಂಜೆ ಹೊತ್ತು ಮಗು ನೋಡಿಕೊಳ್ಳುವ ಹದಿಹರೆಯದವರೂ ಮಿತಿ ದಾಟುವಂತಾಗಿ, ಕಾನೂನು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು.

1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಹೆಸರಿಸಿದ್ದ ಜೋಯಿ ಬೇರ್ಡ್, ದಾಖಲೆಗಳಿಲ್ಲದ ವಲಸಿಗರನ್ನು ಮನೆಗೆಲಸಕ್ಕೆ ಇಟ್ಟುಕೊಂಡು ಈ ತೆರಿಗೆಯನ್ನು ಸಕಾಲದಲ್ಲಿ ಕಟ್ಟಿರದ ಕಾರಣ ಹಿಂದೆ ಸರಿಯಬೇಕಾಯಿತು. ಮರುವರ್ಷವೇ ಸಂಸತ್ತು ಮಿತಿಯನ್ನು ವರ್ಷಕ್ಕೆ 1,000 ಡಾಲರ್‌ಗೆ ಏರಿಸಿತು. ಮುಂದೆ ಅದು ಸರಾಸರಿ ವೇತನದೊಂದಿಗೆ ಏರುತ್ತ 2025ರಲ್ಲಿ 2,800 ಡಾಲರ್ ತಲುಪಿತು. ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವ ಬದಲು ವಾರ್ಷಿಕ ಆದಾಯ ತೆರಿಗೆ ವಿವರದೊಡನೆ ‘ಷೆಡ್ಯೂಲ್ ಎಚ್’ ಸೇರಿಸಿದರೆ ಸಾಕೆಂದಾಯಿತು. 1935ರ ಆಡಳಿತಾತ್ಮಕ ಆಕ್ಷೇಪಕ್ಕೆ ಇಲ್ಲಿ ಬಹುಪಾಲು ಉತ್ತರ ಸಿಕ್ಕಿತು.

ಕುಟುಂಬವೇನು ಕಂಪನಿಯಲ್ಲ, ಮಕ್ಕಳ ಪಾಲನೆ ಈಗಲೇ ದುಬಾರಿ, ನ್ಯಾನಿಯರೇ ಪೂರ್ತಿ ಸಂಬಳ ಕೈಗೆ ಬರಲೆಂದು ಬಯಸುತ್ತಾರೆ ಎಂಬ ವಾದ ಇನ್ನೂ ಇದೆ. ಕಡಿಮೆ ಸಂಬಳದವರಿಗೆ ಇಂದಿನ ಡಾಲರ್ ಮುಖ್ಯವೆಂಬುದು ನಿಜ. ಆದರೆ ಸ್ವಂತ ದುಡಿಮೆಯ ಆಧಾರದ ಮೇಲೆ ನಿವೃತ್ತಿ ಪಿಂಚಣಿ ಪಡೆಯಲು 40 ಕ್ರೆಡಿಟ್ ಬೇಕು, ವರ್ಷಕ್ಕೆ ಸಿಗುವುದು ಹೆಚ್ಚೆಂದರೆ ನಾಲ್ಕು. ದಾಖಲಾಗದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ನ್ಯಾನಿಯನ್ನು ಸ್ವತಂತ್ರ ಗುತ್ತಿಗೆದಾರಳೆಂದು ಕರೆದರೆ ಎರಡೂ ಪಾಲಿನ ಹೊರೆ ಅವಳ ಮೇಲೇ ಬೀಳುತ್ತದೆ. ಯಾವ ಕೆಲಸ, ಹೇಗೆ ಮಾಡಬೇಕೆಂದು ನಿರ್ಧರಿಸುವುದು ಕುಟುಂಬವಾದ್ದರಿಂದ ತೆರಿಗೆ ಇಲಾಖೆ ಸಾಮಾನ್ಯವಾಗಿ ಅವಳನ್ನು ಉದ್ಯೋಗಿಯೆಂದೇ ಪರಿಗಣಿಸುತ್ತದೆ. ಮಕ್ಕಳ ಪಾಲನೆಯ ಖರ್ಚು ತಗ್ಗಿಸಬೇಕಾದದ್ದು ಸಾರ್ವಜನಿಕ ನೆರವಿನಿಂದ. ಮಗುವನ್ನು ಸಾಕಿದವಳ ಮುಪ್ಪಿನ ಭದ್ರತೆಯನ್ನು ಕಿತ್ತುಕೊಂಡಲ್ಲ.