ಮರಣಪತ್ರದಲ್ಲಿ ಕಾಣದ ಫ್ಲೂ: ದಕ್ಷಿಣ ಆಫ್ರಿಕಾದ ಗರ್ಭಿಣಿಯರು ಮತ್ತು ಎಚ್‌ಐವಿ

2009ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಎಚ್‌1ಎನ್‌1 ಫ್ಲೂ ಬಂತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಪ್ರಯೋಗಾಲಯ ಖಚಿತಪಡಿಸಿದ ಸಾವುಗಳು 91. ಸತ್ತವರಲ್ಲಿ ಹೆರುವ ವಯಸ್ಸಿನ ಹೆಂಗಸರು 45. ಅವರಲ್ಲಿ 25 ಮಂದಿ ಗರ್ಭಿಣಿಯರು ಇಲ್ಲವೇ ಬಾಣಂತಿಯರು. ಎಚ್‌ಐವಿ ಇತ್ತೋ ಇಲ್ಲವೋ ಎಂಬುದು ಸತ್ತ 91 ಮಂದಿಯಲ್ಲಿ 32 ಮಂದಿಯ ವಿಷಯದಲ್ಲಷ್ಟೇ ಗೊತ್ತಿತ್ತು. ಅವರಲ್ಲಿ 17 ಮಂದಿಗೆ ಸೋಂಕಿತ್ತು. ಉಳಿದ 59 ಹೆಸರುಗಳ ಮುಂದಿನ ಖಾಲಿ ಜಾಗವೇ ಈ ಲೇಖನದ ವಸ್ತು. ಅದೇ ವರ್ಷ ಸರ್ಕಾರಿ ತಪಾಸಣೆಗೆ ಬಂದ ಗರ್ಭಿಣಿಯರಲ್ಲಿ ಶೇ 29.4 ಮಂದಿಗೆ ಎಚ್‌ಐವಿ ಇತ್ತು, ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಶೇ 39.5. ಅಂಥ ನಾಡಿನಲ್ಲಿ ಆ ಖಾಲಿ ಜಾಗವನ್ನು ‘ಮಾಹಿತಿ ಇಲ್ಲ’ ಎಂದು ದಾಟಿ ಹೋಗಲಾಗದು.

ಬಸಿರು ಬೆಳೆದಂತೆ ವಪೆ ಮೇಲೇರುತ್ತದೆ, ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು ಕುಗ್ಗಿಸುವ ಎಚ್‌ಐವಿ, ಫ್ಲೂವಿನ ಬೆನ್ನಿಗೇ ಬರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾಕ್ಕೂ ದಾರಿ ಬಿಡುತ್ತದೆ. ಕೊನೆಗೆ ಮರಣಪತ್ರಕ್ಕೆ ಏರುವುದು ನ್ಯುಮೋನಿಯಾ ಅಥವಾ ಕ್ಷಯ. ಫ್ಲೂ ಪರೀಕ್ಷೆ ಬಹಳಷ್ಟು ಸಲ ಆಗಿಯೇ ಇರುವುದಿಲ್ಲ. ಆ ದೇಶದ ತಾಯಂದಿರ ಸಾವುಗಳ ಗೋಪ್ಯ ವಿಚಾರಣೆ, 2008–2010ರ ಸಾವುಗಳಲ್ಲಿ ಶೇ 40ರಷ್ಟನ್ನು ‘ಬಸಿರಿಗೆ ಸಂಬಂಧಿಸದ ಸೋಂಕು’ ಎಂಬ ವರ್ಗಕ್ಕೆ ಸೇರಿಸಿತು. ಈ ಹೆಸರಿಗೆ ನನ್ನ ತಕರಾರಿದೆ. ಬಸಿರು ಉಸಿರಾಟವನ್ನೇ ಬದಲಿಸಿರುವಾಗ ಶ್ವಾಸಕೋಶದ ಸೋಂಕು ಬಸಿರಿಗೆ ಸಂಬಂಧಿಸದ್ದು ಹೇಗಾದೀತು? ಮರಣಪತ್ರಗಳನ್ನು ನಂಬಲಾಗದೆ ಸಂಶೋಧಕರು ಫ್ಲೂ ಹಬ್ಬುವ ತಿಂಗಳುಗಳ ಸಾವುಗಳನ್ನು ನಿರೀಕ್ಷಿತ ಮಟ್ಟದೊಂದಿಗೆ ಹೋಲಿಸಿ, ಹೆಚ್ಚುವರಿಯನ್ನು ಅಂದಾಜಿಸಬೇಕಾಯಿತು.

ಲಸಿಕೆ ತಜ್ಞ ಶಬೀರ್ ಮಾಧಿ ಅವರ ತಂಡ 2011 ಮತ್ತು 2012ರಲ್ಲಿ ಜೋಹಾನ್ಸ್‌ಬರ್ಗ್‌ನ ಸೊವೆಟೊದಲ್ಲಿ ನಡೆಸಿದ ಲಸಿಕೆ ಪ್ರಯೋಗ ಇನ್ನಷ್ಟು ನೇರವಾದ ಸಾಕ್ಷ್ಯ. ಹುಸಿ ಚುಚ್ಚುಮದ್ದು ಪಡೆದವರ ಪೈಕಿ ಎಚ್‌ಐವಿ ಇಲ್ಲದ ಗರ್ಭಿಣಿಯರಲ್ಲಿ ಶೇ 3.6 ಮಂದಿಗೆ ಫ್ಲೂ ಬಂದರೆ, ಎಚ್‌ಐವಿ ಇದ್ದವರಲ್ಲಿ ಶೇ 17 ಮಂದಿಗೆ ಬಂತು. ಲಸಿಕೆ ಈ ಪ್ರಮಾಣಗಳನ್ನು ಕ್ರಮವಾಗಿ ಶೇ 1.8ಕ್ಕೂ ಶೇ 7ಕ್ಕೂ ಇಳಿಸಿತು. ಎಚ್‌ಐವಿ ಇದ್ದವರ ರಕ್ತದಲ್ಲಿ ಪ್ರತಿಕಾಯ ಮೂಡಿದ್ದು ಕಡಿಮೆ. ಹಾಗಿದ್ದೂ ರಕ್ಷಣೆ ಕಡಿಮೆಯಾಗಲಿಲ್ಲ. ಪ್ರತಿಕಾಯದ ಅಳತೆಯೊಂದನ್ನೇ ಹಿಡಿದು ಇವರಿಗೆ ಲಸಿಕೆ ವ್ಯರ್ಥವೆನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಆದರೆ ಎಚ್‌ಐವಿ ಇದ್ದ ಭಾಗಿಗಳು 194 ಮಂದಿ ಮಾತ್ರ. ಪ್ರಯೋಗ ಅಳೆದದ್ದು ಕಾಯಿಲೆಯನ್ನು. ಸಾವಿನ ಬಗ್ಗೆ ಅದರಿಂದ ನೇರ ತೀರ್ಮಾನ ಹೊರಡುವುದಿಲ್ಲ.

2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಲಸಿಕೆಯಲ್ಲಿ ಗರ್ಭಿಣಿಯರಿಗೇ ಮೊದಲ ಆದ್ಯತೆ ಕೊಟ್ಟಿತು. ದಕ್ಷಿಣ ಆಫ್ರಿಕಾದಲ್ಲಿ ಫ್ಲೂ ಹೆಚ್ಚಾಗಿ ಮೇಯಿಂದ ಸೆಪ್ಟೆಂಬರ್‌ವರೆಗೆ ಹಬ್ಬುತ್ತದೆ. ಬಸಿರು ಆ ಲೆಕ್ಕ ನೋಡಿ ನಿಲ್ಲುವುದಿಲ್ಲ. ತಪಾಸಣೆಗೆ ತಡವಾಗಿ ಬರುವವಳಿಗೆ ಲಸಿಕೆಯ ಸಮಯ ಮೀರಿರಬಹುದು. ಆದ್ದರಿಂದ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವ ಪ್ರತಿ ಗರ್ಭಿಣಿಯ ಗಂಟಲ ದ್ರವ ಪರೀಕ್ಷೆಗೆ ಹೋಗಬೇಕು, ಫಲಿತಾಂಶಕ್ಕೆ ಕಾಯದೆ ಫ್ಲೂ ಔಷಧಿ ಒಸೆಲ್ಟಾಮಿವಿರ್ ಶುರುವಾಗಬೇಕು, ಅವಳ ಎಚ್‌ಐವಿ ಸ್ಥಿತಿ ಅದೇ ಹಾಳೆಯಲ್ಲಿ ದಾಖಲಾಗಬೇಕು.