ಕಿವಿಗೆ ಕೇಳದ ಶ್ರುತಿ

ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಹಳೇಬೀಡನ್ನು ನೋಡಿಕೊಂಡು ಬೇಲೂರಿಗೆ ಹೋಗುವುದು ನನ್ನ ಹಳೆಯ ರೂಢಿ. ಚೆನ್ನಕೇಶವನ ಗುಡಿಯಲ್ಲಿ ನನ್ನ ಕಾಲು ತಾನಾಗಿ ನಿಲ್ಲುವುದು ಮದ್ದಳೆ ನುಡಿಸುವ ಮೂರ್ತಿಗಳ ಮುಂದೆ. 1117ರಲ್ಲಿ ಪ್ರತಿಷ್ಠೆಗೊಂಡ ಈ ಗುಡಿಯ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಅವರು ಕಣ್ಣಾರೆ ಕಂಡು ಕಡೆದ ವಾದ್ಯಗಳನ್ನು ಮಾಡಿದವನ ಹೆಸರು ಮಾತ್ರ ನನಗೆ ಎಲ್ಲಿಯೂ ಕಾಣಲಿಲ್ಲ.

ಆ ಕುಲಕಸುಬಿನವರ ಅರಿವು ಸಾಮಾನ್ಯವಾದುದಲ್ಲ. ಬರಿಯ ತೊಗಲನ್ನು ಬಾರಿಸಿದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದವು. ಮೃದಂಗದ ಬಲಮುಖದ ನಡುವೆ ಕಲ್ಲುಪುಡಿ, ಅನ್ನ ಕಲಸಿದ ಕರಣೆಯನ್ನು ಪದರಪದರವಾಗಿ ಹಚ್ಚಿದಾಗ ಅವು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬ ಲೆಕ್ಕಕ್ಕೆ ಬರುತ್ತವೆ. ಇದನ್ನು 1920ರಲ್ಲಿ ಲೋಕದ ಮುಂದಿಟ್ಟವರು ಸಿ. ವಿ. ರಾಮನ್ ಮತ್ತು ಕುಮಾರ್. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮನ್, ಮರುವರ್ಷ ಅದೇ ವಿಷಯವನ್ನು ಇನ್ನಷ್ಟು ವಿಸ್ತರಿಸಿ ಬರೆದರು.

ಅಲ್ಲಿಯೇ ಅವರ ಗಮನ ಕಿವಿಗೆ ನಿಲುಕದ ನಾದದತ್ತಲೂ ಹರಿಯಿತು. ನಮ್ಮ ಕಿವಿಯ ಎಲ್ಲೆ ಸೆಕೆಂಡಿಗೆ ಸುಮಾರು 20,000 ಕಂಪನ. ಒಂದು ಮಿಲಿಮೀಟರ್ ದಪ್ಪದ ಸ್ಫಟಿಕದ ಬಿಲ್ಲೆಯ ಸಹಜ ಕಂಪನವೋ ಸುಮಾರು 28 ಲಕ್ಷ! ಅದನ್ನು ನುಡಿಸಲು ತಂತಿಯ ಸುರುಳಿಯೂ ಕಂಡೆನ್ಸರೂ ಇರುವ ವಿದ್ಯುನ್ಮಂಡಲ ಬೇಕು. ಕಂಡೆನ್ಸರಿನ ಧಾರಣೆಯನ್ನು ನಾಲ್ಕು ಪಟ್ಟು ಮಾಡಿದರೆ ಮಂಡಲದ ಕಂಪನ ಅರ್ಧಕ್ಕಿಳಿಯುತ್ತದೆ. ರೇಡಿಯೋದ ತಿರುಪು ಹಿಡಿದು ನಿಲಯವನ್ನು ಹುಡುಕಿದವರೆಲ್ಲರೂ ಈ ಕೆಲಸವನ್ನು ಮಾಡಿಯೇ ಇದ್ದಾರೆ. ಶ್ರುತಿ ತಪ್ಪಿದರೆ ಸ್ಫಟಿಕ ಅಲುಗಿಯೂ ಅಲುಗದಂತಿರುತ್ತದೆ; ಕೂಡಿದರೆ ಅಲ್ಪ ಬಲಕ್ಕೇ ಮೈದುಂಬಿ ಕಂಪಿಸುತ್ತದೆ.

ಶ್ರುತಿ ಕೂಡಿತೆಂದು ತಿಳಿಯುವ ಬಗೆ? ಕಿವಿ ಸೋತಲ್ಲಿ ಕಣ್ಣು ನೆರವಾಗುತ್ತದೆ. ಆ ಅಲೆಗಳು ಹಾಯುವ ದ್ರವದೊಳಗೆ ಬೆಳಕನ್ನು ಬಿಟ್ಟರೆ ಅದು ಎರಡೂ ಕಡೆಗೆ ಗೆರೆಗೆರೆಯಾಗಿ ಒಡೆಯುತ್ತದೆ. 1932ರಲ್ಲಿ ಅಮೆರಿಕ, ಫ್ರಾನ್ಸ್‌ಗಳಲ್ಲಿ ಕಂಡ ಈ ಸೋಜಿಗಕ್ಕೆ 1935-36ರಲ್ಲಿ ಗಣಿತದ ವಿವರಣೆಯನ್ನು ಕೊಟ್ಟವರು ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್. ಅದು ಇಂದಿಗೂ ಅವರಿಬ್ಬರ ಹೆಸರಿನಲ್ಲಿಯೇ ನಿಂತಿದೆ.

ಇಂದು ಯಂತ್ರಭಾಗಗಳನ್ನು ತೊಳೆಯುವ ತೊಟ್ಟಿಗಳಲ್ಲಿಯೂ ಇಂಥ ಅತಿಧ್ವನಿಯೇ ದುಡಿಯುತ್ತದೆ. ಕೆಲಸಮಾಡುತ್ತ ಬಿಸಿಯಾದ ಬಿಲ್ಲೆಯ ಶ್ರುತಿ ಜಾರುತ್ತದೆ. ಮಂಡಲವನ್ನು ಮತ್ತೆ ಅದಕ್ಕೆ ಹೊಂದಿಸಬೇಕು. ಕಛೇರಿಯ ನಡುವೆ ವಿದ್ವಾಂಸರು ಗುಂಡುಕಲ್ಲೆತ್ತಿ ಮೃದಂಗದ ಅಂಚನ್ನು ತಟ್ಟುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ.

ಶಿಲ್ಪಿಯ ಹೆಸರು ಪೀಠದಲ್ಲಿದೆ, ವಿಜ್ಞಾನಿಯದು ಸಿದ್ಧಾಂತದಲ್ಲಿದೆ. ಗಣಿತವಿಲ್ಲದೆ, ಬರಿಯ ಕಿವಿಯನ್ನು ನಂಬಿ ಉಪಸ್ವರಗಳನ್ನು ಲೆಕ್ಕಕ್ಕೆ ತಂದ ಆ ಮೊದಲಿಗನಿಗೆ ಎರಡೂ ದೊರೆಯಲಿಲ್ಲ. ನಾದವಿಜ್ಞಾನದ ಚರಿತ್ರೆಯನ್ನು ಬರೆಯುವವರು ಅವನಿಗಾಗಿ ಮೊದಲ ಪುಟವನ್ನಾದರೂ ಬಿಡಬೇಕೆಂದು ನನ್ನ ಅರಿಕೆ.